ವಿಮಾನ ನಿಲ್ದಾಣದ ಗದ್ದಲವೂ ನೆರೆಯವರ ಹಕ್ಕೂ: ಗ್ರೀನ್ಸ್‌ಬರೋದಿಂದ ಒಸಾಕಾದವರೆಗೆ

ವಿಮಾನಯಾನದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಹಾರಿದವರ ಇತಿಹಾಸವೆಂದೇ ಓದುತ್ತ ಬಂದಿದ್ದೇವೆ. ರೈಟ್ ಸಹೋದರರು, ಲಿಂಡ್‌ಬರ್ಗ್, ಜೆಟ್ ಎಂಜಿನನ್ನು ರೂಪಿಸಿದ ವಿಟ್ಲ್ ಮೊದಲಾದವರ ಹೆಸರುಗಳು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಆದರೆ ವಿಮಾನವು ಮೇಲೆ ಹಾದುಹೋಗುವಾಗ ಕೆಳಗಿನ ಮನೆಯಲ್ಲಿದ್ದವರಿಗೂ ಒಂದು ಇತಿಹಾಸವುಂಟು. ಅದು ನ್ಯಾಯಾಲಯದ ತೀರ್ಪುಗಳಲ್ಲಿ, ಸಮಿತಿಗಳ ವರದಿಗಳಲ್ಲಿ, ಪೌರಸಭೆಗಳ ನಿರ್ಣಯಗಳಲ್ಲಿ ಚದುರಿಹೋಗಿದೆ. ಅದನ್ನು ಒಟ್ಟುಗೂಡಿಸಿ ನೋಡಿದಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಗದ್ದಲದಿಂದ ಕೆಟ್ಟುದು ಯಾವುದು? ನೆಲದ ಬೆಲೆಯೋ, ಆ ನೆಲದ ಮೇಲೆ ಮಲಗಿದ್ದ ಮನುಷ್ಯನ ನಿದ್ದೆಯೋ? ಆಯಾ ದೇಶವು ಕೈಗೊಂಡ ಪರಿಹಾರಕ್ರಮಗಳು ಬಹುಮಟ್ಟಿಗೆ ಈ ಪ್ರಶ್ನೆಗೆ ಅದು ಕೊಟ್ಟ ಉತ್ತರವನ್ನೇ ಅನುಸರಿಸಿವೆ ಎಂಬುದು ನಮ್ಮ ಅಭಿಪ್ರಾಯ.

ನೆಲದ ಒಡೆಯನಿಗೆ ಆ ನೆಲದ ಮೇಲಿನ ಆಕಾಶವೆಲ್ಲವೂ ಸೇರಿದುದು ಎಂಬ ಮಾತು ಇಂಗ್ಲೆಂಡಿನ ನ್ಯಾಯಶಾಸ್ತ್ರದಲ್ಲಿ ಬಹು ಹಳೆಯದು. ಆಕಾಶದಲ್ಲಿ ಹಕ್ಕಿಗಳ ಹೊರತು ಮತ್ತೇನೂ ಹಾರದಿದ್ದ ಕಾಲದಲ್ಲಿ ಈ ಸೂತ್ರದಿಂದ ಯಾರಿಗೂ ತೊಡಕಾಗಲಿಲ್ಲ. ಅದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಒರೆಗೆ ಹಚ್ಚಿದುದು 1946ರಲ್ಲಿ. ಅದಕ್ಕೆ ನಿಮಿತ್ತವಾದುವು ಕೋಳಿಗಳು.

ಉತ್ತರ ಕ್ಯಾರೊಲೈನಾದ ಗ್ರೀನ್ಸ್‌ಬರೋ ಬಳಿ ಕಾಸ್ಬಿ ಎಂಬ ದಂಪತಿಗಳಿಗೆ 2.8 ಎಕರೆ ಜಮೀನಿತ್ತು. ಅಲ್ಲಿ ಅವರ ವಾಸದ ಮನೆಯೂ ಕೋಳಿ ಸಾಕಣೆಯ ಕಟ್ಟಡಗಳೂ ಇದ್ದುವು. ಹತ್ತಿರದ ವಿಮಾನ ನಿಲ್ದಾಣವನ್ನು 1942ರಲ್ಲಿ ಸರ್ಕಾರವು ಸೈನ್ಯದ ಉಪಯೋಗಕ್ಕಾಗಿ ಗೇಣಿಗೆ ಪಡೆಯಿತು. ರನ್‌ವೇಯ ತುದಿಯಿಂದ ಮನೆಗೆ ಇದ್ದ ದೂರ 2,275 ಅಡಿ. ಇಳಿಯುವ ವಿಮಾನಗಳ ಮಾರ್ಗವು ಮನೆಯ ಮಾಡಿಗಿಂತ 67 ಅಡಿ ಮೇಲೂ, ಅಲ್ಲಿನ ಅತ್ಯಂತ ಎತ್ತರದ ಮರಕ್ಕಿಂತ ಕೇವಲ 18 ಅಡಿ ಮೇಲೂ ಹಾಯುತ್ತಿತ್ತು. ರಾತ್ರಿ ವಿಮಾನದ ದೀಪಗಳು ಮನೆಯೊಳಗನ್ನು ಬೆಳಗುತ್ತಿದ್ದುವು. ಗದ್ದಲಕ್ಕೆ ಬೆದರಿದ ಕೋಳಿಗಳು ಹಾರಿ ಗೋಡೆಗೆ ಬಡಿದುಕೊಂಡು, ಕೆಲವೊಮ್ಮೆ ಒಂದೇ ದಿನದಲ್ಲಿ ಆರರಿಂದ ಹತ್ತರವರೆಗೆ, ಸಾಯುತ್ತಿದ್ದುವು. ಒಟ್ಟಿನಲ್ಲಿ ಸತ್ತ ಕೋಳಿಗಳು ಸುಮಾರು 150. ಕಾಸ್ಬಿ ದಂಪತಿಗಳು ಆ ಉದ್ಯಮವನ್ನೇ ಕೈಬಿಡಬೇಕಾಯಿತು. ಅವರಿಗೆ ನಿದ್ದೆಯಿಲ್ಲವಾಯಿತೆಂದೂ ಅವರು ಸದಾ ಹೆದರಿಕೆಯಲ್ಲಿ ಬದುಕುತ್ತಿದ್ದರೆಂದೂ ತೀರ್ಪಿನಲ್ಲಿ ಉಲ್ಲೇಖವಿದೆ.

ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಡಗ್ಲಸ್ ಅವರು ಹಳೆಯ ಸೂತ್ರಕ್ಕೆ ಆಧುನಿಕ ಜಗತ್ತಿನಲ್ಲಿ ಎಡೆಯಿಲ್ಲವೆಂದು ಒಂದೇ ಏಟಿಗೆ ತಳ್ಳಿಹಾಕಿದರು. ಆಕಾಶವು ಸಾರ್ವಜನಿಕ ಹೆದ್ದಾರಿ. ಹಾಗಲ್ಲದಿದ್ದರೆ ಖಂಡದ ಉದ್ದಗಲಕ್ಕೆ ಹಾರುವ ಪ್ರತಿಯೊಂದು ವಿಮಾನದ ಮೇಲೂ ಲೆಕ್ಕವಿಲ್ಲದ ದಾವೆಗಳು ಹೂಡಲ್ಪಟ್ಟಾವು. ಆದರೂ ಭೂಮಿಯನ್ನು ಅನುಭವಿಸುವುದಕ್ಕೆ ಬೇಕಾದಷ್ಟು ಕೆಳಗಿನ ಆಕಾಶ ಒಡೆಯನದೇ. ಅದರಲ್ಲಿ ಪದೇ ಪದೇ ಹಾರುವುದೆಂದರೆ ಭೂಮಿಯ ಮೇಲೆ ದಾರಿಯ ಹಕ್ಕನ್ನು ಸರ್ಕಾರ ಕಿತ್ತುಕೊಂಡಂತೆ. ಕಿತ್ತುಕೊಂಡುದಕ್ಕೆ ಸಂವಿಧಾನದ ಪ್ರಕಾರ ಬೆಲೆ ಕೊಡಬೇಕು. ಕೆಳಗಿನ ನ್ಯಾಯಾಲಯವು ಕೊಡಿಸಿದ್ದ ಬೆಲೆ 2,000 ಡಾಲರು. ಸರ್ಕಾರ ಪಡೆದ ಹಕ್ಕು ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ನಿರ್ಧರಿಸಲು ಮೊಕದ್ದಮೆ ಮತ್ತೆ ಕೆಳಕ್ಕೆ ಹೋಯಿತು.

ಈ ತೀರ್ಪು ಉದಾರವಾದುದೆಂದು ಹೇಳುವುದು ವಾಡಿಕೆ. ಉದಾರವೇ ಹೌದು, ಆದರೆ ಅದರೊಳಗೆ ಒಂದು ಇಕ್ಕಟ್ಟೂ ಅಡಗಿತ್ತು. ನಿದ್ದೆ ಹೋದುದನ್ನು ನ್ಯಾಯಾಲಯ ದಾಖಲೆ ಮಾಡಿತು, ಬೆಲೆಯನ್ನು ಮಾತ್ರ ನೆಲಕ್ಕೆ ಕಟ್ಟಿತು. ಇದರ ಪರಿಣಾಮ 1962ರಲ್ಲಿ ಸ್ಪಷ್ಟವಾಯಿತು. ಆ ವರ್ಷ ಪಿಟ್ಸ್‌ಬರ್ಗ್ ನಿಲ್ದಾಣದ ಬಳಿಯ ಗ್ರಿಗ್ಸ್ ಎಂಬವರ ಮೊಕದ್ದಮೆಯಲ್ಲಿ, ಪರಿಹಾರದ ಹೊಣೆ ನಿಲ್ದಾಣದ ಒಡೆತನವುಳ್ಳ ಕೌಂಟಿಯದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅವರ ಮನೆಯ ಹೊಗೆಗೂಡಿಗೂ ವಿಮಾನದ ಹಾದಿಗೂ ನಡುವಿನ ಅಂತರ ಹನ್ನೆರಡಡಿಯೂ ಇರಲಿಲ್ಲ. ಅದೇ ವರ್ಷ ಕ್ಯಾನ್ಸಾಸಿನ ಒಂದು ವಾಯುನೆಲೆಯ ಪಕ್ಕದಲ್ಲಿದ್ದವರಿಗೆ ಮೇಲ್ಮನವಿಯ ನ್ಯಾಯಾಲಯವೊಂದು ಪರಿಹಾರವನ್ನು ನಿರಾಕರಿಸಿತು. ಗದ್ದಲ, ಹೊಗೆ, ಕಂಪನಗಳು ಅವರನ್ನು ಪೀಡಿಸುತ್ತಿದ್ದುದು ನಿಜವಾದರೂ, ವಿಮಾನಗಳು ಅವರ ನೆಲದ ನೇರ ಮೇಲೆ ಹಾರುತ್ತಿರಲಿಲ್ಲವಷ್ಟೆ! ಸದ್ದು ಬೇಲಿಯನ್ನು ನೋಡಿ ನಿಲ್ಲುವುದಿಲ್ಲ. ಆದರೆ ಆಸ್ತಿಯ ನ್ಯಾಯ ಬೇಲಿಯ ಬಳಿ ನಿಂತುಬಿಟ್ಟಿತು.

ಇಂಗ್ಲೆಂಡಿನಲ್ಲಿ ಇಷ್ಟೂ ಇರಲಿಲ್ಲ. ಅಲ್ಲಿ 1920ರ ವಿಮಾನಯಾನ ಶಾಸನವು ಸಮಂಜಸವಾದ ಎತ್ತರದಲ್ಲಿ ನಡೆಯುವ ಹಾರಾಟವನ್ನು ಕಾರಣವಾಗಿಟ್ಟುಕೊಂಡು ಅತಿಕ್ರಮ ಪ್ರವೇಶದ ದಾವೆಯನ್ನಾಗಲಿ ಉಪದ್ರವದ ದಾವೆಯನ್ನಾಗಲಿ ಹೂಡಕೂಡದೆಂದು ವಿಧಿಸಿತು. ಎಳೆಯ ಉದ್ಯಮವೊಂದನ್ನು ಕಾಪಾಡುವುದು ಶಾಸನದ ಉದ್ದೇಶ. ನಮ್ಮ ದೇಶದ 1934ರ ವಿಮಾನ ಶಾಸನದ 17ನೆಯ ವಿಧಿಯೂ ಇದೇ ಅಚ್ಚಿನಲ್ಲಿ ಎರಕಹೊಯ್ದುದು. ಬೆಂಗಳೂರಿನ ಹಳೆಯ ಹೆಚ್.ಎ.ಎಲ್. ನಿಲ್ದಾಣದಿಂದ ನಿಗದಿತ ಪ್ರಯಾಣಿಕ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಸ್ಥಳಾಂತರಗೊಳ್ಳುವವರೆಗೆ ಅದರ ಸುತ್ತಣ ಬಡಾವಣೆಗಳವರು ಬಾಳಿದುದು ಈ ವಿಧಿಯ ನೆರಳಿನಲ್ಲಿಯೇ. ಇಂಗ್ಲೆಂಡಿನ ವಿಧಿ ಉದ್ಯಮ ಬೆಳೆದು ಹೆಮ್ಮರವಾದ ಮೇಲೂ ಹೊಸ ಹೊಸ ಶಾಸನಗಳಲ್ಲಿ ಮರುಹುಟ್ಟು ಪಡೆಯುತ್ತ ಬಂದಿತು.

ನ್ಯಾಯಾಲಯದ ಬಾಗಿಲು ಮುಚ್ಚಿದ್ದುದರಿಂದ ಇಂಗ್ಲೆಂಡು ಅಳತೆಯ ಮಾರ್ಗವನ್ನು ಹಿಡಿಯಿತು. ಜೆಟ್ ವಿಮಾನದ ಗದ್ದಲವು ಹಿಂದಿನ ಎಂಜಿನುಗಳ ಗದ್ದಲದಂತಲ್ಲ. ಹೊರಚಿಮ್ಮುವ ಅನಿಲದ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿ ಅದರ ಶಬ್ದಶಕ್ತಿ ಏರುತ್ತದೆಂದು ಗಣಿತಜ್ಞ ಲೈಟ್‌ಹಿಲ್ 1952ರಲ್ಲಿಯೇ ತೋರಿಸಿಕೊಟ್ಟಿದ್ದರು. ವೇಗ ಇಮ್ಮಡಿಯಾದರೆ ಶಬ್ದಶಕ್ತಿ 256 ಮಡಿಯಾಗುತ್ತದೆಂದು ಇದರ ಅರ್ಥ. 1958ರಲ್ಲಿ ಜೆಟ್ಟುಗಳು ಅಟ್ಲಾಂಟಿಕನ್ನು ದಾಟತೊಡಗಿದಾಗ ನ್ಯೂಯಾರ್ಕಿನ ಬಂದರು ಪ್ರಾಧಿಕಾರವು ತನ್ನ ನಿಲ್ದಾಣಕ್ಕೆ ಒಂದು ಮಿತಿಯನ್ನು ವಿಧಿಸಿತು. ಅದಕ್ಕಾಗಿ ಕ್ರೈಟರ್ ಎಂಬ ಸಂಶೋಧಕರು ಹೊಸ ಮಾನವೊಂದನ್ನು ರೂಪಿಸಿದರು. ಯಂತ್ರಕ್ಕೆ ಕೇಳಿದುದನ್ನಲ್ಲ, ಮನುಷ್ಯನ ಕಿವಿಗೆ ಎಷ್ಟು ಕಿರಿಕಿರಿ ಎನಿಸಿತೋ ಅದನ್ನು ಅಳೆಯುವ ಡೆಸಿಬೆಲ್ ಅದು. ಮಿತಿ 112 ಎಂದು ಗೊತ್ತಾಯಿತು. ರೋಲ್ಸ್ ರಾಯ್ಸ್ ಸಂಸ್ಥೆಯ ಗ್ರೇಟ್‌ರೆಕ್ಸ್ ರೂಪಿಸಿದಂತಹ ಸುಕ್ಕುಬಾಯಿಯ ಕೊಳವೆಗಳು ಎಂಜಿನಿನ ಹಿಂಭಾಗದಲ್ಲಿ ಕಾಣಿಸಿಕೊಂಡುದು ಈ ಕಾಲದಲ್ಲಿಯೇ.

ಈ ಮಾನವನ್ನೇ ಮುಂದುವರಿಸಿದುದು ಸರ್ ಅಲನ್ ವಿಲ್ಸನ್ ಅವರ ಅಧ್ಯಕ್ಷತೆಯ ಸಮಿತಿ. ಲಂಡನ್ನಿನ ಹೀಥ್ರೋ ನಿಲ್ದಾಣದ ಸುತ್ತ ಹತ್ತು ಮೈಲಿಯೊಳಗಿನ ನಿವಾಸಿಗಳನ್ನು 1961ರಲ್ಲಿ ಪ್ರಶ್ನಿಸಿ ಪಡೆದ ಉತ್ತರಗಳ ಆಧಾರದ ಮೇಲೆ ಒಂದು ಸೂಚ್ಯಂಕ ರೂಪುಗೊಂಡಿತು. 1963ರ ಅಂತಿಮ ವರದಿಯಲ್ಲಿ ಅದು ಪ್ರಕಟವಾಯಿತು. ನಿವಾಸಿಯ ಬೇಸರಕ್ಕೆ ಸರ್ಕಾರೀ ಲೆಕ್ಕದಲ್ಲಿ ಸ್ಥಾನ ದೊರೆತುದು ಸಣ್ಣ ಸಂಗತಿಯಲ್ಲ. 1966ರಲ್ಲಿ ಹೀಥ್ರೋ ಸಮೀಪದ ಮನೆಗಳಿಗೆ ಶಬ್ದನಿರೋಧಕ ಕಿಟಕಿಗಳಿಗಾಗಿ ಸಹಾಯಧನವೂ ಬಂದಿತು. ಆದರೆ ಸೂಚ್ಯಂಕದ ಸೂತ್ರವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಪ್ರತಿ ವಿಮಾನದ ಗರಿಷ್ಠ ಸದ್ದಿನ ಸರಾಸರಿಗೆ ವಿಮಾನಗಳ ಸಂಖ್ಯೆಯ ಲಾಗರಿತಮ್ಮಿನ ಹದಿನೈದರಷ್ಟನ್ನು ಕೂಡಿಸಿ, 80ನ್ನು ಕಳೆಯಬೇಕು. ಈ ಲೆಕ್ಕದಲ್ಲಿ ವಿಮಾನಗಳು ಎರಡರಷ್ಟಾದರೆ ಅಂಕ ಏರುವುದು ಕೇವಲ ನಾಲ್ಕೂವರೆ. ಪ್ರತಿಯೊಂದು ವಿಮಾನವೂ ನಾಲ್ಕೂವರೆ ಡೆಸಿಬೆಲ್ ತಗ್ಗಿದರೆ ಅವುಗಳ ಸಂಖ್ಯೆ ಇಮ್ಮಡಿಯಾದರೂ ನೆರೆಹೊರೆಗೆ ಯಾವ ವ್ಯತ್ಯಾಸವೂ ಇಲ್ಲವೆಂದು ಕಾಗದ ಹೇಳುತ್ತದೆ. ಹಾಸಿಗೆಯಲ್ಲಿ ಎದ್ದು ಕುಳಿತವನು ಹಾಗೆ ಹೇಳುವನೆ? 1990ರಲ್ಲಿ ಈ ಸೂಚ್ಯಂಕವನ್ನು ಬಿಟ್ಟು ಹಗಲಿನ 16 ಗಂಟೆಗಳ ಸಮಾನ ಸದ್ದಿನ ಮಟ್ಟವನ್ನು ಅಂಗೀಕರಿಸಿದರು. ಅದೂ ಸರಾಸರಿಯೇ.

ಎಂಜಿನುಗಳು ತಗ್ಗಿದುದೇನೋ ನಿಜ. ದೊಡ್ಡ ಬೀಸಣಿಗೆಯ ಮೂಲಕ ಹೆಚ್ಚು ಗಾಳಿಯನ್ನು ಕಡಿಮೆ ವೇಗದಲ್ಲಿ ತಳ್ಳುವ ಎಂಜಿನುಗಳು 1970ರಿಂದ ಬಳಕೆಗೆ ಬಂದುವು. ಅಮೆರಿಕ 1969ರಲ್ಲಿಯೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1971ರಲ್ಲಿಯೂ ಹೊಸ ವಿಮಾನಗಳಿಗೆ ಸದ್ದಿನ ಮಿತಿಗಳನ್ನು ಗೊತ್ತುಮಾಡಿದುವು. ಲೈಟ್‌ಹಿಲ್ಲರ ಸೂತ್ರ ಇಲ್ಲಿ ನೆರೆಹೊರೆಯವರ ಪರವಾಗಿ ಕೆಲಸಮಾಡಿತೆನ್ನಬಹುದು.

ನಿದ್ದೆಯ ಪ್ರಶ್ನೆಯನ್ನು ನೇರವಾಗಿ ಎತ್ತಿದವರು ಜಪಾನಿನ ಒಸಾಕಾ ಪ್ರಾಂತದ ಜನ. ಅಲ್ಲಿನ ಇತಾಮಿ ನಿಲ್ದಾಣ 1939ರಲ್ಲಿ ಆರಂಭವಾಯಿತು. ಯುದ್ಧಾನಂತರ ಅಮೆರಿಕದ ಸೈನ್ಯದ ವಶದಲ್ಲಿದ್ದು 1958ರಲ್ಲಿ ಜಪಾನಿಗೆ ಹಿಂದಿರುಗಿತು. 1964ರಲ್ಲಿ ಜೆಟ್ಟುಗಳು ಬಂದುವು. ವಿಶ್ವ ವಸ್ತುಪ್ರದರ್ಶನ ನಡೆದ 1970ರಲ್ಲಿ 3,000 ಮೀಟರಿನ ಹೊಸ ರನ್‌ವೇ ತೆರೆಯಿತು. ಒತ್ತೊತ್ತಾಗಿ ಕಟ್ಟಿದ ಮರದ ಮನೆಗಳ ಊರುಗಳ ನಡುವೆ ಇದೆಲ್ಲ ನಡೆಯಿತೆಂಬುದನ್ನು ಮರೆಯಬಾರದು. ಸರ್ಕಾರ 1967ರ ಶಾಸನದ ಮೂಲಕ ಶಾಲೆ, ಆಸ್ಪತ್ರೆಗಳ ಶಬ್ದನಿರೋಧಕ್ಕೆ ಸಹಾಯಧನ ಕೊಟ್ಟಿತು. ವಾಸದ ಮನೆಗಳಿಗೆ ಅದು ವಿಸ್ತರಿಸಿದುದು 1974ರ ತಿದ್ದುಪಡಿಯಿಂದ. ಅಷ್ಟರಲ್ಲಿ, 1969ರ ಡಿಸೆಂಬರಿನಲ್ಲಿ, ಕವಾನಿಶಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಅವರು ಪರಿಹಾರಧನವನ್ನು ಮಾತ್ರ ಕೇಳಲಿಲ್ಲ, ರಾತ್ರಿಯ ಹಾರಾಟವನ್ನೇ ನಿಲ್ಲಿಸಬೇಕೆಂದರು.

1974ರಲ್ಲಿ ಜಿಲ್ಲಾ ನ್ಯಾಯಾಲಯವು ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಹಾರಾಟವನ್ನು ತಡೆಯಿತು. 1975ರ ನವೆಂಬರಿನಲ್ಲಿ ಒಸಾಕಾದ ಉಚ್ಚ ನ್ಯಾಯಾಲಯವು ಮುಂದೆ ಹೋಗಿ ಆ ಗಡಿಯನ್ನು 9 ಗಂಟೆಗೆ ತಂದಿತು. ಅದಕ್ಕೆ ಕೊಟ್ಟ ಆಧಾರ ಆಸ್ತಿಯಲ್ಲ. ದೇಹ, ಮನಸ್ಸು, ಬಾಳುವೆಗಳ ನೆಮ್ಮದಿ ಪ್ರತಿಯೊಬ್ಬನ ವ್ಯಕ್ತಿತ್ವಕ್ಕೆ ಸೇರಿದ ಹಕ್ಕು ಎಂಬ ತತ್ತ್ವ. ಕಾಸ್ಬಿ ತೀರ್ಪಿಗೆ ಸುಮಾರು ಮೂವತ್ತು ವರ್ಷಗಳ ಅನಂತರ ಗದ್ದಲದ ಪೀಡೆ ನೆಲದಿಂದ ಮನುಷ್ಯನ ಕಡೆಗೆ ಹೊರಳಿದುದು ಇಲ್ಲಿ.

ಸರ್ವೋಚ್ಚ ನ್ಯಾಯಾಲಯ ಇದನ್ನು ಉಳಿಸಲಿಲ್ಲ. 1981ರ ಡಿಸೆಂಬರ್ 16ರ ತೀರ್ಪಿನಲ್ಲಿ ಅದು ಹಿಂದಿನ ಹಾನಿಗೆ ಪರಿಹಾರವನ್ನು ಎತ್ತಿಹಿಡಿದು, ಮುಂದಿನ ಹಾನಿಯ ಪರಿಹಾರವನ್ನೂ ತಡೆಯಾಜ್ಞೆಯನ್ನೂ ತಳ್ಳಿಹಾಕಿತು. ನಿಲ್ದಾಣದ ನಿರ್ವಹಣೆಯು ಸರ್ಕಾರದ ವಿಮಾನಯಾನಾಡಳಿತದೊಂದಿಗೆ ಬೇರ್ಪಡಿಸಲಾರದಂತೆ ಹೆಣೆದುಕೊಂಡಿದೆ, ಅದನ್ನು ಸಿವಿಲ್ ದಾವೆಯಿಂದ ತಡೆಯಲಾಗದು ಎಂಬುದು ಬಹುಮತದ ವಾದ. ಭಿನ್ನಮತ ಬರೆದವರಲ್ಲಿ ದಂಡವಿಧಿಯ ಹೆಸರಾಂತ ವಿದ್ವಾಂಸರಾದ ದಾಂಡೊ ಶಿಗೆಮಿತ್ಸು ಒಬ್ಬರು. ಅಮೆರಿಕದಲ್ಲಿಯೂ ಬರ್ಬ್ಯಾಂಕ್ ನಗರವು ವಿಧಿಸಿದ್ದ ರಾತ್ರಿಯ ನಿಷೇಧವನ್ನು, ಆಕಾಶ ಕೇಂದ್ರ ಸರ್ಕಾರದ ವಿಷಯವೆಂದು, 1973ರಲ್ಲಿ ಐದು ಮಂದಿ ನ್ಯಾಯಮೂರ್ತಿಗಳು ನಾಲ್ವರ ವಿರುದ್ಧ ರದ್ದುಮಾಡಿದ್ದರು. ಹೀಥ್ರೋದ ನೆರೆಯವರು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 2001ರಲ್ಲಿ ಗೆದ್ದು, 2003ರಲ್ಲಿ ಅದರ ಮಹಾಪೀಠದಲ್ಲಿ ನಿದ್ದೆಯ ಮುಖ್ಯ ವಾದವನ್ನು ಸೋತರು. ಆದರೆ ದೂರು ಕೊಡಲು ತಮ್ಮ ದೇಶದಲ್ಲಿ ತಕ್ಕ ನ್ಯಾಯಮಾರ್ಗವೇ ಇರಲಿಲ್ಲವೆಂಬ ಅವರ ಮಾತನ್ನು ಮಹಾಪೀಠವೂ ಒಪ್ಪಿತು. ಹಣ ಕೊಡಿಸುವುದು ನ್ಯಾಯಾಲಯಗಳಿಗೆ ಸುಲಭ, ವಿಮಾನ ನಿಲ್ಲಿಸುವುದು ಕಷ್ಟ.

ಆದರೂ ಒಸಾಕಾದಲ್ಲಿ ಸೋತವರು ಸೋಲಲಿಲ್ಲ. ಉಚ್ಚ ನ್ಯಾಯಾಲಯದ ತೀರ್ಪಿನ ಅನಂತರ ನಿಲ್ಲಿಸಿದ್ದ ರಾತ್ರಿ ಒಂಬತ್ತರಾಚೆಯ ಹಾರಾಟಗಳನ್ನು ಸರ್ಕಾರ 1981ರ ಗೆಲುವಿನ ಬಳಿಕವೂ ಮತ್ತೆ ಆರಂಭಿಸಲಿಲ್ಲ. ಗದ್ದಲವನ್ನು ಊರಿನಿಂದಲೇ ದೂರ ಒಯ್ಯಬೇಕೆಂಬ ಯೋಚನೆ 1974ರಲ್ಲಿಯೇ ಸರ್ಕಾರದ ಸಲಹಾ ಮಂಡಲಿಯ ಶಿಫಾರಸಾಗಿ ಬಂದಿತ್ತು. ಒಸಾಕಾ ಕೊಲ್ಲಿಯಲ್ಲಿ ದಡದಿಂದ ಸುಮಾರು 5 ಕಿಲೋಮೀಟರು ದೂರ ಕೃತಕ ದ್ವೀಪವೊಂದನ್ನು ನಿರ್ಮಿಸಿ, 1994ರ ಸೆಪ್ಟೆಂಬರ್ 4ರಂದು ಕನ್ಸಾಯಿ ನಿಲ್ದಾಣವನ್ನು ತೆರೆದರು. ಅಲ್ಲಿ ಹಗಲೂ ರಾತ್ರಿಯೂ ಹಾರಾಟವುಂಟು.

ಆಗ ಇತಾಮಿ ನಿಲ್ದಾಣ ಮುಚ್ಚಬೇಕಾಗಿತ್ತಲ್ಲವೆ? ಅದು ಮುಚ್ಚಲಿಲ್ಲ. ನಿಲ್ದಾಣವನ್ನು ತೆಗೆದುಹಾಕಬೇಕೆಂದು 1973ರಲ್ಲಿ ಘೋಷಣೆ ಹೊರಡಿಸಿದ್ದ ಇತಾಮಿ ನಗರವು 2007ರಲ್ಲಿ ತಾನು ನಿಲ್ದಾಣದೊಂದಿಗೆ ಕೂಡಿ ಬಾಳುವ ನಗರವೆಂದು ಇನ್ನೊಂದು ಘೋಷಣೆ ಹೊರಡಿಸಿತು. ಕೆಲಸ, ವ್ಯಾಪಾರ, ಸಂಚಾರಸೌಕರ್ಯಗಳ ಲೆಕ್ಕ ಇದರ ಹಿಂದೆ ಇದ್ದುದು ಸಹಜವೇ. ಆದರೆ ಎರಡನೆಯ ಘೋಷಣೆಯನ್ನು ಮೊದಲನೆಯದರ ತಿರಸ್ಕಾರವೆಂದು ನಾವು ಓದಲಾರೆವು. ಇತಾಮಿಯಲ್ಲಿ ಇಂದಿಗೂ ವಿಮಾನಗಳು ಬೆಳಗ್ಗೆ 7ರಿಂದ ರಾತ್ರಿ 9ರವರೆಗೆ ಮಾತ್ರ ಹಾರುತ್ತವೆ. ತೀರ ತಡವಾಗಿ ಬಂದ ವಿಮಾನವು ಪ್ರಯಾಣಿಕರು ಎಷ್ಟೇ ಗೊಣಗಿದರೂ ಸಮುದ್ರದ ಮೇಲಿನ ಕನ್ಸಾಯಿಗೆ ಹೋಗಿ ಇಳಿಯುತ್ತದೆ.