ಸೀಗೆ, ಚೌಳು, ಸಾಬೂನು: ಕಡತವಿಲ್ಲದ ಒಂದು ವಿದ್ಯೆಯ ಚರಿತ್ರೆ

ತಿರುವೊಟ್ಟಿಯೂರಿನ ತ್ಯಾಗರಾಜಸ್ವಾಮಿ ದೇವಾಲಯಕ್ಕೆ ಸಮೀಪದಲ್ಲಿ ಒಂದು ನಾಟಿ ಮದ್ದಿನ ಅಂಗಡಿಯಿದೆ. ಕೇಂದ್ರ ಸರ್ಕಾರದ ನೌಕರಿಯ ವರ್ಗಾವಣೆಯ ದೆಸೆಯಿಂದ ನಾವು ಈ ಊರಿಗೆ ಬಂದ ಮೊದಲ ವರ್ಷ, ಹೊಸದುರ್ಗದ ಸೀಮೆಯಿಂದ ನಮ್ಮ ತಾಯಿಯವರು ಬಂದು ಕೆಲವು ತಿಂಗಳು ನಮ್ಮೊಡನಿದ್ದರು. ತಮಿಳಿನ ಗಂಧವೇ ಇಲ್ಲದ ಅವರು ಒಂದು ದಿನ ಒಬ್ಬರೇ ಆ ಅಂಗಡಿಗೆ ಹೋಗಿ ಚೀಲ ತುಂಬ ಸಾಮಾನು ಹೊತ್ತು ಹಿಂದಿರುಗಿದರು. ವ್ಯಾಪಾರ ಹೇಗೆ ನಡೆಯಿತೆಂದು ಕೇಳಿದೆವು. "ಸೀಗೇಕಾಯಿ ಅಂದೆ, ಸೀಯಕ್ಕಾಯ್ ಅಂದಳು. ಮಿಕ್ಕದ್ದನ್ನು ಮೂಸಿ ನೋಡಿ ತಂದೆ" ಎಂದರು.

ಆ ಚೀಲವನ್ನು ಬಿಚ್ಚಿದಾಗ ನಮಗೆ ಒಂದು ಸಣ್ಣ ನಿಘಂಟೇ ದೊರೆತಂತಾಯಿತು. ನಮ್ಮ ಅಂಟುವಾಳ ಇಲ್ಲಿ ಪೂಂದಿಕ್ಕೊಟ್ಟೈ. ಎಣ್ಣೆಸ್ನಾನದ ಚುಜ್ಜಲುಪುಡಿ ಇಲ್ಲಿ ಅರಪ್ಪು. ಅಗಸರ ಚೌಳುಮಣ್ಣಿಗೆ ತಮಿಳಿನಲ್ಲಿ ಉವರ್ಮಣ್ಣು. ಬಟ್ಟೆಯನ್ನು ಹಬೆಯಲ್ಲಿ ಬೇಯಿಸುವ ಉಬ್ಬೆಗೆ ವೆಳ್ಳಾವಿ. ಹೆಸರು ಬೇರೆ, ಕೈಗಳು ಬೇರೆ, ವಿದ್ಯೆ ಒಂದೇ. ದಿನವೂ ಕಡತಗಳ ನಡುವೆ ಬದುಕುವ ನಮಗೆ ಅಂದು ಹೊಳೆದ ಪ್ರಶ್ನೆಯೊಂದೇ: ಇಷ್ಟು ದೊಡ್ಡ ಭೂಭಾಗದಲ್ಲಿ, ಇಷ್ಟು ಕಾಲ, ಪ್ರತಿಯೊಂದು ಮನೆಯಲ್ಲಿಯೂ ನಡೆದ ಈ ವಿದ್ಯೆಯ ಕಡತ ಎಲ್ಲಿದೆ?

ಕಡತ ಇಲ್ಲವೇ ಇಲ್ಲವೆಂದಲ್ಲ. ಹಳೆಯ ಧರ್ಮಶಾಸ್ತ್ರಗಳಲ್ಲಿ ಅದರ ಕೆಲವು ಹಾಳೆಗಳಿವೆ. ಮನುಸ್ಮೃತಿಯ ಐದನೆಯ ಅಧ್ಯಾಯ ದ್ರವ್ಯಶುದ್ಧಿಯನ್ನು ಹೇಳುತ್ತ ರೇಷ್ಮೆ ಮತ್ತು ಉಣ್ಣೆಗೆ ಚೌಳುಮಣ್ಣನ್ನೂ, ಕಂಬಳಿಗೆ ಅಂಟುವಾಳವನ್ನೂ, ನಯವಾದ ವಸ್ತ್ರಕ್ಕೆ ಬಿಲ್ವದ ಕಾಯನ್ನೂ, ನಾರುಬಟ್ಟೆಗೆ ಬಿಳಿ ಸಾಸಿವೆಯನ್ನೂ ವಿಧಿಸುತ್ತದೆ. ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳನ್ನು ಆಯಾ ಲೋಹಕ್ಕೆ ತಕ್ಕಂತೆ ಕ್ಷಾರ, ಆಮ್ಲ, ನೀರುಗಳಿಂದ ತೊಳೆಯಬೇಕೆನ್ನುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ಅಗಸರು ಮರದ ಹಲಗೆಯ ಮೇಲೆ ಅಥವಾ ನುಣುಪಾದ ಕಲ್ಲಿನ ಮೇಲೆಯೇ ಬಟ್ಟೆ ಒಗೆಯಬೇಕೆಂದು ಕಟ್ಟು ಮಾಡಿ, ತಪ್ಪಿದರೆ ದಂಡವನ್ನೂ ಗೊತ್ತುಪಡಿಸಿದೆ.

ಈ ವಿಧಿಗಳನ್ನು ಇಂದಿನ ರಸಾಯನಶಾಸ್ತ್ರದ ಬೆಳಕಿನಲ್ಲಿ ನೋಡಿದರೆ ಅವುಗಳ ವಿವೇಕ ತಿಳಿಯುತ್ತದೆ. ಅಂಟುವಾಳ ಮತ್ತು ಸೀಗೆಯಲ್ಲಿರುವ ಸಪೋನಿನ್ ಎಂಬ ಪದಾರ್ಥ ನೀರಿನಲ್ಲಿ ನೊರೆಯಾಗಿ, ಜಿಡ್ಡನ್ನು ಎಳೆಯಿಂದ ಬಿಡಿಸುತ್ತದೆ. ಅದು ಸೌಮ್ಯವಾದುದರಿಂದ ಉಣ್ಣೆಗೆ ಹಾನಿಯಿಲ್ಲ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇದೆ. ಚೌಳಿನಲ್ಲಿರುವುದು ಸೋಡಿಯಂ ಕಾರ್ಬೊನೇಟ್. ಜಿಡ್ಡಿನ ಪಾತ್ರೆಯನ್ನು ಒದ್ದೆ ಬೂದಿಯಿಂದ ಉಜ್ಜುವಾಗ ಬೂದಿಯ ಕ್ಷಾರವೂ ಪಾತ್ರೆಯ ಎಣ್ಣೆಯೂ ಕೂಡಿ, ಉಜ್ಜುವವಳ ಅಂಗೈಯಲ್ಲಿಯೇ ಇಷ್ಟಿಷ್ಟು ಸಾಬೂನು ಹುಟ್ಟುತ್ತದೆ. ತಾಮ್ರದ ಕಿಲುಬನ್ನು ಬಿಡಿಸುವುದಕ್ಕೆ ಮಾತ್ರ ಬೂದಿ ಸಾಲದು. ಅಲ್ಲಿ ಹುಣಿಸೆಯ ಹುಳಿ ಬೇಕು. ಯಾವುದಕ್ಕೆ ಕ್ಷಾರ, ಯಾವುದಕ್ಕೆ ಆಮ್ಲ ಎಂಬ ಈ ವಿವೇಚನೆ ನಮ್ಮ ಅಡುಗೆಮನೆಗಳಲ್ಲಿ ಎಂದೂ ತಪ್ಪಿದ್ದಿಲ್ಲ.

ಇದೇ ಕ್ಷಾರದ ಜ್ಞಾನ ಮನೆಯ ಕುಶಲಕಲೆಯಲ್ಲಿಯೂ ಇತ್ತು. ಅರಿಸಿನಕ್ಕೆ ಸುಣ್ಣದ ತಿಳಿನೀರು ಸೇರಿದೊಡನೆ ಆರತಿಯ ತಟ್ಟೆಯಲ್ಲಿ ಓಕುಳಿ ಕೆಂಪೇರುತ್ತದೆ. ಅರಿಸಿನದ ಕೊಂಬನ್ನು ನಿಂಬೆಯ ರಸದಲ್ಲಿಯೂ ಬಿಳಿಗಾರದಲ್ಲಿಯೂ ನೆನೆಸಿ, ಒಣಗಿಸಿ, ಕುಟ್ಟಿ ಮನೆಯಲ್ಲಿಯೇ ಕುಂಕುಮ ಮಾಡುತ್ತಿದ್ದರು. ಸೀರೆಯ ಮೇಲಿನ ಅರಿಸಿನದ ಕಲೆಗೆ ಸಾಬೂನು ತಾಗಿದರೆ ಅದು ಕೆಂಪಾಗುವುದೂ ಇದೇ ಕಾರಣದಿಂದ. ಕುಂಕುಮವೂ ಕಲೆಯೂ ಒಂದೇ ರಸಾಯನದ ಎರಡು ಮುಖಗಳು.

ಆದರೆ ಮನುಸ್ಮೃತಿಯ ಈ ಹಾಳೆಯನ್ನು ಓದಿ ಹೆಮ್ಮೆಪಡುವವರು ಅದೇ ಗ್ರಂಥದ ಇನ್ನೊಂದು ಹಾಳೆಯನ್ನೂ ತಿರುವಬೇಕು. ನಾಲ್ಕನೆಯ ಅಧ್ಯಾಯದಲ್ಲಿ, ಯಾರ ಮನೆಯ ಅನ್ನವನ್ನು ಉಣ್ಣಬಾರದು ಎಂಬ ಪಟ್ಟಿಯಿದೆ. ಬಟ್ಟೆ ಒಗೆಯುವವನು ಆ ಪಟ್ಟಿಯಲ್ಲಿದ್ದಾನೆ. ಲೋಕದ ಕೊಳೆಯನ್ನು ತೆಗೆಯುವ ವಿದ್ಯೆ ಬಲ್ಲವನನ್ನೇ ಲೋಕವು ಕೊಳೆಯೆಂದು ಎಣಿಸಿತು. ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯ ಮಾಚಿದೇವರು ಮಡಿವಾಳ ಕಾಯಕವನ್ನು ತಮ್ಮ ಹೆಸರಿನ ಮುಂದೆಯೇ ಇರಿಸಿಕೊಂಡು ಕಲ್ಯಾಣಕ್ಕೆ ಹೋದುದರ ಅರ್ಥವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. 'ಮಡಿ' ಎಂಬ ಮಾತಿಗೆ ಕನ್ನಡದಲ್ಲಿ ಒಗೆದ ಬಟ್ಟೆಯೆಂಬ ಅರ್ಥವೂ ಇದೆ, ಮುಟ್ಟಬಾರದೆಂಬ ಅರ್ಥವೂ ಇದೆ. ಮೊದಲನೆಯದನ್ನು ಕೊಟ್ಟವರು ಎರಡನೆಯದನ್ನು ಅನುಭವಿಸಿದರು.

ಚೌಳಿನ ಬಗೆಗೆ ಆಧುನಿಕ ಕಾಲದ ಬರವಣಿಗೆಯೊಂದು ಹೊರಟದ್ದು ನಾವು ಈಗ ವಾಸಿಸುವ ಈ ನಗರದಿಂದಲೇ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಏಪ್ರಿಲ್‌ನಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿದನು. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಹೊಸದುರ್ಗದ ಬಳಿಯ ಮತ್ತೋಡಿನಲ್ಲಿ ಚೌಳುಮಣ್ಣಿನ ಸೋಡಾವನ್ನು ಬಳಸಿ ಗಾಜಿನ ಬಳೆ ಮಾಡುತ್ತಿದ್ದುದನ್ನು ಅವನು ವಿವರವಾಗಿ ಬರೆದಿಟ್ಟಿದ್ದಾನೆ. ಅಗಸನ ಉಬ್ಬೆಯಲ್ಲಿ ಬಟ್ಟೆಯನ್ನು ಬೆಳ್ಳಗೆ ಮಾಡಿದ ಮಣ್ಣೇ ಕುಲುಮೆಯಲ್ಲಿ ಹೆಂಗಸರ ಮುಂಗೈಗೆ ಬಣ್ಣದ ಬಳೆಯಾಗುತ್ತಿತ್ತು. ಇಂಗ್ಲಿಷ್ ಎಂ.ಎ. ಓದುವಾಗ ನಾವು ಪ್ರವಾಸ ಸಾಹಿತ್ಯವೆಂದು ಬುಕಾನನ್ನನ ಪುಟಗಳನ್ನು ತಿರುವಿದ್ದೆವು. ಮತ್ತೋಡು ನಮ್ಮ ತಾಯಿಯ ತವರಿಗೆ ಹತ್ತಿರದ ಊರು. ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಬೆಳ್ಳಗೆ ಹೂತ ಚೌಳನ್ನು ಮುಂಜಾನೆಯೇ ಕೆರೆದು ತರಬೇಕೆಂದು ಅವರಿಗೆ ಗೊತ್ತಿತ್ತು. ಆದರೂ ಪುಸ್ತಕದ ಆ ಪುಟವನ್ನು ಅವರಿಗೆ ಓದಿ ಹೇಳುವ ಬುದ್ಧಿ ಅಂದು ನಮಗೆ ಬರಲಿಲ್ಲ.

ಸಾಬೂನು ಎಂಬ ಮಾತು ಹೊರಗಿನಿಂದ ಬಂದುದು. ಅರಬ್ಬಿಯ ಸಾಬೂನ್, ಪೋರ್ಚುಗೀಸರ ಸಬಾಂವ್ ಇವುಗಳ ಜಾಡಿನಲ್ಲಿ ಅದು ಭಾರತದ ಭಾಷೆಗಳಿಗೆ ಇಳಿಯಿತು. ಕಾರ್ಖಾನೆಯ ಸಾಬೂನು ಮಾತ್ರ ಬಹಳ ತಡವಾಗಿ ಬಂದಿತು. 1888ರಲ್ಲಿ ಲೀವರ್ ಕಂಪನಿಯ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿಗೆ ಇಳಿದವು. ಸ್ವದೇಶಿ ಚಳವಳಿಯ ಕಾಲಕ್ಕೆ ಸಾಬೂನು ತಯಾರಿಸುವುದು ರಾಷ್ಟ್ರಸೇವೆಯ ಭಾಗವಾಯಿತು.

ನಮ್ಮ ನಾಡಿನ ಕತೆ ಎಲ್ಲರೂ ಬಲ್ಲದ್ದು. ಮೊದಲ ಮಹಾಯುದ್ಧದಿಂದಾಗಿ ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತು ಮರವೆಲ್ಲ ಉಗ್ರಾಣದಲ್ಲಿ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತಲೆಯೆತ್ತಿತು. ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದಿತು. ಶರಭದ ಮುದ್ರೆಯ ಆ ಬಿಲ್ಲೆ ಇಂದಿಗೂ ಹೊರನಾಡ ಕನ್ನಡಿಗರ ಬಚ್ಚಲಿನಲ್ಲಿ ಊರಿನ ಪರಿಮಳವನ್ನು ಹರಡುತ್ತಿದೆ. ಇದರ ಕಡತ ಪೂರ್ಣವಾಗಿದೆ: ಹೆಸರು, ಇಸವಿ, ಸ್ಥಳ ಎಲ್ಲವೂ ಇವೆ.

ಮನೆಯಂಗಳದಿಂದ ಹೊರಟ ಉದ್ಯಮಗಳ ಕಡತವೂ ಇದೆ. ನಮ್ಮ ತಿರುವೊಟ್ಟಿಯೂರಿನಲ್ಲಿಯೇ 1946ರಲ್ಲಿ ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ ಅವರು ಒಂದು ಸಣ್ಣ ಕೊಟ್ಟಿಗೆಯಲ್ಲಿ ಮಕ್ಕಳ ಬಲೂನುಗಳನ್ನು ಮಾಡತೊಡಗಿದರು. ಅದು ಬೆಳೆದು ಎಂ.ಆರ್.ಎಫ್. ಟೈರುಗಳ ಕಂಪನಿಯಾಯಿತು. 1969ರಲ್ಲಿ ಗುಜರಾತ್ ಸರ್ಕಾರದ ನೌಕರರಾಗಿದ್ದ ಕರ್ಸನ್‌ಭಾಯಿ ಪಟೇಲರು ಅಹಮದಾಬಾದಿನ ತಮ್ಮ ಮನೆಯ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಪುಡಿಯನ್ನು ಬೆರೆಸಿ, ಸೈಕಲ್ಲಿನ ಮೇಲೆ ಮನೆಮನೆಗೆ ಒಯ್ದು, ದೊಡ್ಡ ಕಂಪನಿಯ ಪುಡಿಗಿಂತ ಬಹಳ ಅಗ್ಗದ ಬೆಲೆಗೆ ಮಾರಿದರು, ಅದೇ ನಿರ್ಮಾ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಅವರು ಶಾಂಪೂವನ್ನು ಸಣ್ಣ ಪೊಟ್ಟಣದಲ್ಲಿ ತುಂಬಿ ಮಾರುವ ದಾರಿ ತೋರಿಸಿದರು. ಈ ಸಾಹಸಿಗಳ ಬಗೆಗೆ ನಮಗೆ ಗೌರವವಿದೆ. ಆದರೆ ಒಂದನ್ನು ಗಮನಿಸಬೇಕು. ಹಿತ್ತಿಲಿನಲ್ಲಿ ಗಂಡಸೊಬ್ಬ ಬೆರೆಸಿದ್ದು ಉದ್ಯಮದ ಚರಿತ್ರೆಯಾಯಿತು. ಅದೇ ಹಿತ್ತಿಲಿನಲ್ಲಿ ಹೆಂಗಸರು ತಲೆತಲಾಂತರದಿಂದ ಕುಟ್ಟಿ ಬೆರೆಸಿದ್ದು ಮನೆಗೆಲಸವಾಗಿಯೇ ಉಳಿಯಿತು.

ಹಾಗೆಂದು ಕಾರ್ಖಾನೆಯ ಸಾಬೂನನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸೀಗೆ ಕುಟ್ಟುವಾಗ ಏಳುವ ಘಾಟಿಗೆ ಮೂಗಿನಲ್ಲಿಯೂ ಕಣ್ಣಿನಲ್ಲಿಯೂ ನೀರು ಇಳಿಯುತ್ತದೆ. ಚೌಳಿನ ನೀರಿನಲ್ಲಿ ದಿನವೂ ಕೈಯಿಟ್ಟರೆ ಚರ್ಮ ಬಿರಿಯುತ್ತದೆ. ನಮ್ಮ ತಾಯಿಯವರ ಅಂಗೈಯ ಗೆರೆಗಳಲ್ಲಿ ಬೂದಿಯ ಬಣ್ಣ ಕೊನೆಯವರೆಗೂ ಹೋಗಲಿಲ್ಲ. ಮನೆಗೆ ಮೊದಲ ಬಾರಿ ಒಗೆಯುವ ಪುಡಿ ಬಂದ ದಿನ ಅವರು ಮಧ್ಯಾಹ್ನ ಒಂದು ಗಂಟೆ ಮಲಗಿದ್ದನ್ನು ಬಾಲ್ಯದಲ್ಲಿ ಬೆರಗಿನಿಂದ ನೋಡಿದ ನೆನಪು ನಮಗಿದೆ. 'ಹಿಂದಿನ ಕಾಲವೇ ಚೆಂದ' ಎನ್ನುವವರು ಆ ಒಂದು ಗಂಟೆಯ ಬೆಲೆಯನ್ನು ಮೊದಲು ಕಟ್ಟಬೇಕು.

ಇನ್ನೊಂದು ತಕ್ಕಡಿಯಲ್ಲಿ ಇಡಬೇಕಾದುದೂ ಇದೆ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂತು, ಬೆಂಕಿಯನ್ನೂ ಹತ್ತಿಸಿಕೊಂಡಿತು. 2019ರ ಮಳೆಗಾಲದಲ್ಲಿ ಚೆನ್ನೈನ ಮರೀನಾ ತೀರದಲ್ಲಿ ಬಿಳಿಯ ನೊರೆ ರಾಶಿಯಾಗಿ ಬಿದ್ದಿತ್ತು. ಮಕ್ಕಳು ಅದರಲ್ಲಿ ಆಡುತ್ತಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಶುದ್ಧಿಯಾಗದ ಕೊಳಚೆಯೊಡನೆ ನಮ್ಮ ಬಚ್ಚಲುಗಳಿಂದ ಹರಿದ ಮಾರ್ಜಕವೇ ಅದು. ಬೂದಿಯೂ ಸೀಗೆಯೂ ಮಣ್ಣಿಗೆ ಹಿಂದಿರುಗುತ್ತಿದ್ದವು; ಇದು ಹಿಂದಿರುಗಲು ಒಪ್ಪುತ್ತಿಲ್ಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹದೊಡನೆ ಎಣ್ಣೆಯು ನಮ್ಮ ಊರಿನ ಉತ್ತರಕ್ಕಿರುವ ಎರ್ನಾವೂರು, ಎಣ್ಣೂರುಗಳ ಮನೆಗಳಿಗೆ ನುಗ್ಗಿ ಗೋಡೆಗಳ ಮೇಲೆ ಕಪ್ಪು ಗೆರೆಯನ್ನು ಎಳೆಯಿತು. ಅಂಥ ಕೊಳೆಗೆ ಯಾವ ಅಜ್ಜಿಯ ಬಳಿಯೂ ಪುಡಿಯಿಲ್ಲ. ಮನೆಯ ಶುಚಿಯನ್ನು ಮನೆಯೊಳಗೇ ಮುಗಿಸಬಹುದೆಂಬ ಭ್ರಮೆಯನ್ನು ಆ ಗೆರೆ ಅಳಿಸಿತು.

ಈಗ ನಗರಗಳಲ್ಲಿ ಮನೆಯಲ್ಲಿಯೇ ಮಾರ್ಜಕಗಳನ್ನು ತಯಾರಿಸುವ ಹೊಸ ಉತ್ಸಾಹ ಕಾಣುತ್ತಿದೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆಗಳ ಸಿಪ್ಪೆ, ಹತ್ತು ಪಾಲು ನೀರು ಸೇರಿಸಿ ಮೂರು ತಿಂಗಳು ಹುಳಿಯಿಟ್ಟ ದ್ರಾವಣದಿಂದ ನೆಲ ಒರೆಸುವವರು ನಮ್ಮ ವಸತಿಗೃಹದಲ್ಲಿಯೂ ಇದ್ದಾರೆ. ಇದು ಸಂತೋಷದ ಸಂಗತಿ. ಆದರೆ ಹಳೆಯ ವಿವೇಚನೆ ಕೈಬಿಟ್ಟರೆ ಉತ್ಸಾಹ ವ್ಯರ್ಥ. ಅಡುಗೆ ಸೋಡಾಕ್ಕೆ ವಿನಿಗರ್ ಸುರಿದು ಬುರುಗು ಬಂದುದನ್ನು ಕಂಡು ಕೊಳೆ ಹೋಯಿತೆಂದು ನಂಬುವವರಿದ್ದಾರೆ. ಕ್ಷಾರವೂ ಆಮ್ಲವೂ ಅಲ್ಲಿ ಒಂದನ್ನೊಂದು ಕಳೆದುಕೊಂಡಿರುತ್ತವೆ, ಅಷ್ಟೆ. ಬ್ಲೀಚಿಂಗ್ ದ್ರಾವಣದೊಡನೆ ಹುಳಿಯನ್ನು ಬೆರೆಸುವುದಂತೂ ಅಪಾಯ. ಅದರಿಂದ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ. ಕ್ಷಾರದ ಕೆಲಸ ಕ್ಷಾರಕ್ಕೆ, ಹುಳಿಯ ಕೆಲಸ ಹುಳಿಗೆ ಎಂದು ನಮ್ಮ ಅಜ್ಜಿಯರು ಬೂದಿಯ ಬೋಗುಣಿಯನ್ನೂ ಹುಣಿಸೆಯ ಬೋಗುಣಿಯನ್ನೂ ಬೇರೆಬೇರೆಯಾಗಿಯೇ ಇಡುತ್ತಿದ್ದರು.

ನಮ್ಮ ತಾಯಿಯವರು ತೀರಿಕೊಂಡು ಈಗ ನಾಲ್ಕು ವರ್ಷವಾಯಿತು. ಅವರ ಸೀಗೆಪುಡಿಯ ಅಳತೆಯನ್ನು ನಾವು ಬರೆದುಕೊಳ್ಳಲಿಲ್ಲ. ಇಂಗ್ಲಿಷರ 'ಶಾಂಪೂ' ಎಂಬ ಮಾತು ನಮ್ಮ ಹಿಂದಿಯ 'ಚಾಂಪ್ನಾ' ಎಂಬುದರಿಂದ ಹುಟ್ಟಿತೆಂದೂ, ಪಾಟ್ನಾದ ದೀನ್ ಮಹಮ್ಮದ್ ಅದನ್ನು ಬ್ರೈಟನ್ನಿನಲ್ಲಿ ಪ್ರಸಿದ್ಧಗೊಳಿಸಿದನೆಂದೂ ಪರೀಕ್ಷೆಗಾಗಿ ಓದಿಕೊಂಡಿದ್ದ ನಮಗೆ, ನಮ್ಮ ತಲೆಗೆ ಹಚ್ಚುತ್ತಿದ್ದ ಪುಡಿಯಲ್ಲಿ ಏನೇನಿತ್ತೆಂದು ಕೇಳಬೇಕೆನಿಸಲಿಲ್ಲ.

ಕಳೆದ ದೀಪಾವಳಿಗೆ ಆ ನಾಟಿ ಮದ್ದಿನ ಅಂಗಡಿಗೆ ಹೋದಾಗ ಅಂಗಡಿಯಾಕೆ ನಮ್ಮನ್ನು ಗುರುತಿಸಿದರು. ನಮ್ಮ ತಾಯಿಯವರು ಕೊಂಡ ಸಾಮಾನಿನ ಅಳತೆ ಅವರಿಗೆ ನೆನಪಿತ್ತು. ಕನ್ನಡದ ಅಮ್ಮನ ಲೆಕ್ಕವೆಂದು ಅವರೂ ಅದನ್ನು ಒಮ್ಮೆ ಮಾಡಿ ನೋಡಿದ್ದರಂತೆ. ಒಂದು ಕಿಲೋ ಸೀಗೆಕಾಯಿ, ಕಾಲು ಕಿಲೋ ಹೆಸರುಕಾಳು, ನೂರು ಗ್ರಾಂ ಮೆಂತ್ಯ, ಒಂದು ಹಿಡಿ ಒಣಗಿದ ಕರಿಬೇವು, ಎರಡು ಹಿಡಿ ಚುಜ್ಜಲು. ತಮಿಳಿನಲ್ಲಿ ಅವರು ಹೇಳಿದುದನ್ನು ಕನ್ನಡದಲ್ಲಿ ಬರೆದುಕೊಂಡೆವು. ಓದುಗರ ಮನೆಗಳಲ್ಲಿಯೂ ಇಂಥ ಲೆಕ್ಕಗಳು ಇನ್ನೂ ಯಾರದೋ ನೆನಪಿನಲ್ಲಿ ಉಳಿದಿರಬಹುದು. ಕೇಳಿ ಬರೆದುಕೊಳ್ಳುವುದಕ್ಕೆ ತಡಮಾಡಬಾರದು.