ಠಾಕುರ್ಲಿಯ ರೈಲುದಾರಿಗುಂಟ ಮೊಬೈಲ್ ಗೂಢೀಕರಣ: 1995ರಿಂದೀಚಿನ ಒಂದು ಅವಲೋಕನ

ಮಧ್ಯ ರೈಲ್ವೆಯಲ್ಲಿ ಡೊಂಬಿವಲಿ ದಾಟಿ ಕಲ್ಯಾಣ ಮುಟ್ಟುವ ಮೊದಲು ಸಿಗುವ ಸಣ್ಣ ನಿಲ್ದಾಣ ಠಾಕುರ್ಲಿ. ದೂರಸಂಪರ್ಕ ಇಲಾಖೆ ಮೊಬೈಲ್ ಲೈಸೆನ್ಸ್‌ಗಳಿಗಾಗಿ ಗಡಿ ಗುರುತಿಸಿದಾಗ ನವಿ ಮುಂಬಯಿ ಮತ್ತು ಕಲ್ಯಾಣದ ಎಕ್ಸ್‌ಚೇಂಜ್‌ಗಳನ್ನು ಮುಂಬಯಿ ಸೇವಾವಲಯಕ್ಕೇ ಸೇರಿಸಿತು; ಹೀಗೆ ಠಾಕುರ್ಲಿಯೂ ಅದರೊಳಗೇ ಬಂತು. ಫೋನು ಮತ್ತು ಟವರ್ ನಡುವಿನ ಗಾಳಿಯಲ್ಲಿ ಸಾಗುವ ಮಾತನ್ನು ಕಾಯುವ ಕೀಲಿ ಏಕೆ ಇಷ್ಟು ತಡವಾಗಿ ಬಲಗೊಂಡಿತು ಎಂಬುದನ್ನು ಈ ವಲಯವನ್ನು ಮುಂದಿಟ್ಟುಕೊಂಡು ನೋಡಬಹುದು. ಚಿಪ್ಪು ಚಿಕ್ಕದು, ಬ್ಯಾಟರಿ ಸಾಲದು ಎಂದು ಕೊಡುತ್ತ ಬಂದ ಕಾರಣ ಅರ್ಧಸತ್ಯ ಎಂಬುದು ನನ್ನ ವಾದ.

1995ರ ಜುಲೈ 31ರಂದು ಕಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯ ದೂರಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ಕರೆಯೊಂದಿಗೆ ದೇಶದಲ್ಲಿ ಮೊಬೈಲ್ ಸೇವೆ ಶುರುವಾಯಿತು. ಅದೇ ವರ್ಷ ಮುಂಬಯಿಗೆ ಬಿಪಿಎಲ್ ಮತ್ತು ಮ್ಯಾಕ್ಸ್ ಟಚ್ ಬಂದವು. ಇವು ಯುರೋಪಿನ ಜಿಎಸ್‌ಎಂ ಪದ್ಧತಿಯವು. ಆ ಪದ್ಧತಿಗಾಗಿ 1987ರಲ್ಲಿ ರೂಪಿಸಿದ್ದ ಗೂಢೀಕರಣ ವಿಧಾನದ ಹೆಸರು ಎ5/1. ಅದರೊಳಗೆ 19, 22 ಮತ್ತು 23 ಬಿಟ್‌ಗಳ ಮೂರು ರಿಜಿಸ್ಟರ್‌ಗಳಿವೆ. ಪ್ರತಿ ಹೆಜ್ಜೆಯಲ್ಲೂ ಮೂರರ ನಡುವಿನ ಒಂದೊಂದು ಬಿಟ್ ನೋಡಿ, ಬಹುಮತದ ಕಡೆಗಿರುವವು ಮಾತ್ರ ಮುಂದೆ ಸರಿಯುತ್ತವೆ. 4.615 ಮಿಲಿಸೆಕೆಂಡಿನ ಪ್ರತಿ ಫ್ರೇಮಿಗೆ ಹೋಗುವ ದಿಕ್ಕಿಗೆ 114, ಬರುವ ದಿಕ್ಕಿಗೆ 114 ಬಿಟ್‌ಗಳು ಹೊರಬಂದು ಮಾತಿನೊಂದಿಗೆ ಬೆರೆಯುತ್ತವೆ. ಆ ಕಾಲದ ಚಿಪ್ಪಿಗೆ ಇದಕ್ಕಿಂತ ಹಗುರವಾದ ಏರ್ಪಾಡು ಸುಲಭವಲ್ಲ. ಮಾಡಿದವರ ಕೈಚಳಕವನ್ನು ಒಪ್ಪಲೇಬೇಕು.

ಆದರೆ ವಿನ್ಯಾಸವನ್ನು ಗುಟ್ಟಾಗಿಟ್ಟರು. ಯುರೋಪಿನ ಹೊರಗಿನ ಮಾರುಕಟ್ಟೆಗೆಂದು ಎ5/2 ಎಂಬ ಇನ್ನೂ ದುರ್ಬಲ ರೂಪವನ್ನೂ ಮಾಡಿದರು. 1998ರಲ್ಲಿ ಸಿಮ್ ಕಾರ್ಡಿನ ಲೆಕ್ಕಾಚಾರವನ್ನು ಬಿಡಿಸಿದ ಸಂಶೋಧಕರಿಗೆ ಕಂಡದ್ದು ಮತ್ತೂ ಗಂಭೀರ: 64 ಬಿಟ್ ಎನ್ನಲಾದ ಕೀಲಿಯ 10 ಬಿಟ್‌ಗಳನ್ನು ಬೇಕೆಂದೇ ಸೊನ್ನೆ ಮಾಡಲಾಗಿತ್ತು. ಉಳಿದದ್ದು 54. ಈ ಹತ್ತು ಸೊನ್ನೆಗಳಿಂದ ಚಿಪ್ಪೂ ಚಿಕ್ಕದಾಗಲಿಲ್ಲ, ಬ್ಯಾಟರಿಯೂ ಉಳಿಯಲಿಲ್ಲ. ದೌರ್ಬಲ್ಯವನ್ನು ಯಾರೋ ಆಯ್ದುಕೊಂಡಿದ್ದರು ಎನ್ನಲು ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. 1999ರಲ್ಲಿ ಬ್ರಿಸೆನೊ, ಗೋಲ್ಡ್‌ಬರ್ಗ್ ಮತ್ತು ವ್ಯಾಗ್ನರ್ ಎ5ರ ಪೂರ್ತಿ ವಿನ್ಯಾಸವನ್ನು ಹೊರಗೆಳೆದರು. 2009ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಕಾರ್ಸ್ಟನ್ ನೋಲ್, ಮುಂಚೆಯೇ ಲೆಕ್ಕ ಹಾಕಿಟ್ಟ ಕೋಷ್ಟಕಗಳಿಂದ ಅದನ್ನು ಮುರಿಯುವ ದಾರಿಯನ್ನು ಎಲ್ಲರೆದುರು ಇಟ್ಟರು.

ಈ ನಡುವೆ ನವಿ ಮುಂಬಯಿಯ ಕೋಪರ್‌ಖೈರಣೆಯನ್ನು ನೆಲೆಯಾಗಿಸಿಕೊಂಡ ರಿಲಯನ್ಸ್ ಇನ್ಫೋಕಾಮ್ 2002ರ ಕೊನೆಯಲ್ಲಿ ಸಿಡಿಎಂಎ ಸೇವೆ ತಂದಿತು. ಸಿಡಿಎಂಎ ಕದ್ದಾಲಿಕೆಗೆ ಸಿಗದು ಎಂಬ ನಂಬಿಕೆ ಜನರಲ್ಲಿ ಗಟ್ಟಿಯಾಗಿತ್ತು. ಅಲ್ಲಿ ಮಾತಿನ ಗೋಪ್ಯತೆ ನಿಂತದ್ದು 42 ಬಿಟ್‌ಗಳ ಸಂಕೇತಮಾಲೆಯ ಮೇಲೆ. ನಿಯಂತ್ರಣ ಸಂದೇಶಗಳನ್ನು ಕಾಯುತ್ತಿದ್ದ ಸಿಎಂಇಎ ವಿಧಾನವನ್ನು 1997ರಲ್ಲೇ ಮುರಿಯಲಾಗಿತ್ತು.

ಸರಕಾರದ ನಿಲುವನ್ನೂ ಇಲ್ಲಿ ಪರಿಶೀಲಿಸಬೇಕು. ಇಂಟರ್ನೆಟ್ ಲೈಸೆನ್ಸ್‌ಗಳಲ್ಲಿ 40 ಬಿಟ್‌ಗಿಂತ ದೊಡ್ಡ ಕೀಲಿಗೆ ಪೂರ್ವಾನುಮತಿ ಬೇಕಿತ್ತು. ಮುಂಬಯಿ ಮೇಲಿನ 2008ರ ನವೆಂಬರ್ ದಾಳಿಯ ನಂತರ ಬ್ಲ್ಯಾಕ್‌ಬೆರಿ ಸಂದೇಶಗಳನ್ನು ತನಿಖೆಗೆ ಒದಗಿಸಬೇಕೆಂಬ ಒತ್ತಡ ಬಿಗಿಯಾಯಿತು. 2012ರಲ್ಲಿ ಆ ಕಂಪನಿ ಮುಂಬಯಿಯಲ್ಲೇ ಸರ್ವರ್ ಇರಿಸಿತು. 2015ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ರಾಷ್ಟ್ರೀಯ ಗೂಢೀಕರಣ ನೀತಿಯ ಕರಡನ್ನು ಬೆನ್ನಿಗೇ ಹಿಂತೆಗೆದುಕೊಳ್ಳಬೇಕಾಯಿತು. ತನಿಖೆಯ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊಬೈಲ್ ಗೂಢೀಕರಣ ಇರುವುದು ಫೋನಿನಿಂದ ನೆಟ್‌ವರ್ಕಿನ ತನಕ ಮಾತ್ರ. ಅಲ್ಲಿಂದಾಚೆ, ಕಾನೂನಿನ ಆದೇಶವಿದ್ದರೆ, ಎಕ್ಸ್‌ಚೇಂಜಿನಲ್ಲೇ ಕರೆ ಕೇಳಿಸಿಕೊಳ್ಳಲು ಸಾಧ್ಯ. ಟೆಲಿಗ್ರಾಫ್ ಕಾಯಿದೆಯ 5(2)ನೇ ಕಲಮು ಆ ಅಧಿಕಾರ ಕೊಟ್ಟಿತ್ತು. ಗಾಳಿಯಲ್ಲಿನ ಬೀಗ ಸಡಿಲವಾದರೆ ಪೊಲೀಸರಿಗೆ ಹೊಸದಾಗಿ ಸಿಗುವುದೇನೂ ಇಲ್ಲ. ಲಾಭವೆಲ್ಲ ಕಳ್ಳನಿಗೇ.

ಚಿಪ್ಪಿನ ನೆಪ ಪೂರ್ತಿ ಬಿದ್ದುಹೋದದ್ದು 4ಜಿಯಲ್ಲಿ. 3ಜಿಯಲ್ಲಿ ಮಿತ್ಸುರು ಮಾತ್ಸುಯಿ ಅವರ ಮಿಸ್ಟಿ1 ಆಧರಿಸಿದ ಕಸುಮಿ ಬಂದಿತ್ತು. ನೆಟ್‌ವರ್ಕ್ ಕೂಡ ತನ್ನ ಗುರುತನ್ನು ಫೋನಿಗೆ ಸಾಬೀತುಪಡಿಸುವ ಕ್ರಮ ಆಗಲೇ ಸೇರಿತ್ತು. 4ಜಿಗೆ 128 ಬಿಟ್ ಕೀಲಿಯ ಎಇಎಸ್, ಸ್ನೋ 3ಜಿ ಮತ್ತು ಚೀನದ ಝುಕ್ ಎಂಬ ಮೂರು ವಿಧಾನಗಳು, ಮೂರೂ ಬಹಿರಂಗ. ಡೊಂಬಿವಲಿಯಿಂದ ಠಾಕುರ್ಲಿಗೆ ಲೋಕಲ್ ಓಡುವಾಗ ಮಾತು ಒಂದು ಟವರ್‌ನಿಂದ ಇನ್ನೊಂದಕ್ಕೆ ಹಸ್ತಾಂತರವಾಗುತ್ತದೆಯಲ್ಲ, ಜಿಎಸ್‌ಎಂನಲ್ಲಿ ಆಗ ಹಳೆಯ ಕೀಲಿಯೇ ಜತೆಗೆ ಹೋಗುತ್ತಿತ್ತು. 4ಜಿಯಲ್ಲಿ ಹಾಗಲ್ಲ. ಪ್ರಯಾಣಿಕನ ಮಾತು ಕಡಿಯದಂತೆ ಹೊಸ ಟವರಿಗೆ ಹೊಸ ಕೀಲಿ ಹುಟ್ಟುತ್ತದೆ; ಒಂದು ಟವರ್ ಯಾರದೋ ಕೈವಶವಾದರೂ ಎರಡು ಹಸ್ತಾಂತರಗಳಾಚೆಯ ಕೀಲಿ ಅದಕ್ಕೆ ತಿಳಿಯದು. ನವಿ ಮುಂಬಯಿಯದೇ ಘನ್ಸೋಲಿಯಿಂದ ನಡೆಯುವ ಜಿಯೋ, 2016ರ ಸೆಪ್ಟೆಂಬರ್ 5ರಂದು ಶುರುವಾದಾಗ 2ಜಿ, 3ಜಿಗಳೆರಡನ್ನೂ ಬಿಟ್ಟು 4ಜಿಯೊಂದನ್ನೇ ಹಿಡಿಯಿತು. ಮರುವರ್ಷ ಬಂದ ಜಿಯೋಫೋನ್, ಅಗ್ಗದ ಕೀಪ್ಯಾಡ್ ಫೋನೂ ಈ ಗೂಢೀಕರಣದ ಭಾರ ಹೊರಬಲ್ಲದೆಂದು ತೋರಿಸಿತು.

ಬಲವಾದ ವಿಧಾನವಿದ್ದರೂ ಬಳಕೆ ಕೆಟ್ಟರೆ ಕೆಲಸ ಕೆಡುತ್ತದೆ. ಒಂದೇ ಕೀಲಿಮಾಲೆಯನ್ನು ಎರಡು ಕರೆಗಳಿಗೆ ಬಳಸಿದ 4ಜಿ ಟವರ್‌ಗಳನ್ನು ಬೋಕುಮ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಜರ್ಮನಿಯಲ್ಲಿ ಪತ್ತೆಹಚ್ಚಿದರು.

ಹಳೆಯ 2ಜಿ, ಅಂದರೆ ಜಿಎಸ್‌ಎಂ, ಇನ್ನೂ ಚಾಲ್ತಿಯಲ್ಲಿರುವುದು ನನ್ನನ್ನು ಹೆಚ್ಚು ಕಾಡುತ್ತದೆ. 2009ರ ಆಗಸ್ಟಿನಿಂದ ರಿಸರ್ವ್ ಬ್ಯಾಂಕು ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣ ಕಡ್ಡಾಯ ಮಾಡಿತು. ಬರಬರುತ್ತ ಅದು ಎಸ್‌ಎಂಎಸ್ ಓಟಿಪಿಯ ರೂಪ ತಾಳಿತು. 2ಜಿ ಫೋನಿಗೆ ಆ ಓಟಿಪಿ ಹಳೆಯ ಗೂಢೀಕರಣದ ಆಸರೆಯಲ್ಲೇ ಬರಬೇಕು. 4ಜಿ ಫೋನನ್ನೂ ನಕಲಿ ಟವರ್ 2ಜಿಗೆ ಇಳಿಸಬಲ್ಲದು. 2021ರ ಆಂಡ್ರಾಯ್ಡ್ 12ರಿಂದ ಈಚೆಗೆ ಕೆಲವು ಫೋನುಗಳ ಸೆಟ್ಟಿಂಗ್ಸ್‌ನಲ್ಲಿ 2ಜಿಯನ್ನು ಬಂದ್ ಮಾಡುವ ಅವಕಾಶವಿದೆ. ಬರೀ 2ಜಿ ಫೋನನ್ನೇ ನಂಬಿದವರಿಗೆ ಆ ಆಯ್ಕೆ ಇಲ್ಲ. ಅವರ ಕೈಗೆ ಅಗ್ಗದ 4ಜಿ ಫೋನು ತಲುಪಿಸುವುದನ್ನು ಭದ್ರತೆಯ ಖರ್ಚೆಂದೇ ಸರಕಾರ ಪರಿಗಣಿಸಬೇಕು.