ನಾಲ್ಕು ನಾಡುಗಳ ಕಾಲ್ಚೆಂಡಾಟ

ನೆರೆಹೊರೆಯ ಎರಡು ನಾಡುಗಳು ಚೆಂಡಾಟದಲ್ಲಿ ಸೆಣಸಬೇಕಾದರೆ ಮೊದಲು ಬೇಕಾದದ್ದೇನು? ಚೆಂಡು ಬೇಕು, ಬಯಲು ಬೇಕು, ಆಟಗಾರರು ಬೇಕು ಎನ್ನಬಹುದು. ಆದರೆ ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಉಭಯರೂ ತಲೆಬಾಗುವ ಒಂದು ಕಟ್ಟಳೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬ್ರಿಟಿಷ್ ದ್ವೀಪಗಳಲ್ಲಿ ನಡೆದ ಒಂದು ಪಂದ್ಯಾವಳಿಯ ಚರಿತ್ರೆಯು ಈ ಮಾತಿಗೆ ಸಾಕ್ಷಿಯಾಗಿರುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಎಂಬ ನಾಲ್ಕು ನಾಡುಗಳು ಆಗ ಒಂದೇ ಸಿಂಹಾಸನಕ್ಕೂ ಒಂದೇ ಪಾರ್ಲಿಮೆಂಟಿಗೂ ಒಳಪಟ್ಟಿದ್ದುವು. ಆದರೂ ಕಾಲ್ಚೆಂಡಾಟದಲ್ಲಿ ಅವು ಒಂದಾಗಲಿಲ್ಲ. ಲಂಡನ್ನಿನಲ್ಲಿ ೧೮೬೩ರಲ್ಲಿ ಇಂಗ್ಲಿಷರ ಸಂಘವು ಹುಟ್ಟಿತು. ೧೮೭೩ರಲ್ಲಿ ಸ್ಕಾಟರು, ೧೮೭೬ರಲ್ಲಿ ವೇಲ್ಸಿನವರು, ೧೮೮೦ರಲ್ಲಿ ಐರಿಷರು ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡರು. ಇದಕ್ಕೂ ಮುಂಚೆಯೇ, ೧೮೭೨ನೆಯ ನವೆಂಬರ್ ೩೦ರಂದು, ಗ್ಲಾಸ್ಗೋ ನಗರದ ಬಳಿ ಒಂದು ಕ್ರಿಕೆಟ್ ಮೈದಾನದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಪಂದ್ಯ ನಡೆದಿತ್ತು. ಸುಮಾರು ನಾಲ್ಕು ಸಾವಿರ ಜನ ನೋಡಲು ನೆರೆದಿದ್ದರು. ಇತ್ತಂಡಗಳೂ ಒಂದು ಗೋಲನ್ನಾದರೂ ಗಳಿಸಲಿಲ್ಲ. ನಾಡುನಾಡುಗಳ ನಡುವಣ ಮೊದಲ ಅಧಿಕೃತ ಪಂದ್ಯವೆಂದು ಚರಿತ್ರಕಾರರು ಎಣಿಸುವುದು ಇದನ್ನೇ.

ಒಬ್ಬೊಬ್ಬ ಆಟಗಾರನೂ ಚೆಂಡನ್ನು ತನ್ನ ಕಾಲಿನಲ್ಲಿಯೇ ಇಟ್ಟುಕೊಂಡು ಎದುರಾಳಿಗಳ ನಡುವೆ ನುಗ್ಗುವುದು ಇಂಗ್ಲಿಷರ ರೀತಿ; ಒಬ್ಬರಿಂದೊಬ್ಬರಿಗೆ ಚೆಂಡನ್ನು ದಾಟಿಸುತ್ತ ಮುಂದೊತ್ತುವುದು ಸ್ಕಾಟರ ರೀತಿ. ರೀತಿಗಳು ಬೇರೆಯಾಗಿದ್ದರೆ ಆಟಕ್ಕೆ ಸೊಗಸು ಬರುತ್ತದೆ; ಕಟ್ಟಳೆಗಳೇ ಬೇರೆಯಾದರೆ ಆಟವು ಜಗಳವಾಗುತ್ತದೆ. ಮೈದಾನದ ಅಂಚನ್ನು ದಾಟಿದ ಚೆಂಡನ್ನು ಮರಳಿ ಒಳಕ್ಕೆಸೆಯುವ ಕ್ರಮದಲ್ಲಿಯೂ ನಾಡುನಾಡಿಗೆ ಭೇದವಿತ್ತು. ಈ ತೊಡಕನ್ನು ಬಿಡಿಸಲು ನಾಲ್ಕೂ ಸಂಘಗಳ ಪ್ರತಿನಿಧಿಗಳು ೧೮೮೨ನೆಯ ಡಿಸೆಂಬರ್ ೬ರಂದು ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿದರು. ಚೆಂಡನ್ನು ಎರಡು ಕೈಗಳಿಂದಲೂ ಎಸೆಯಬೇಕು, ಗೋಲಿನ ಕಂಬಗಳ ಮೇಲೆ ಪಟ್ಟಿಯನ್ನು ಕಟ್ಟುವುದರ ಬದಲು ಅಡ್ಡಮರವನ್ನೇ ಇಡಬೇಕು ಎಂಬಿವು ಅಲ್ಲಿ ಗೊತ್ತಾದುವು. ಇಂದು ನಮ್ಮೂರಿನ ಶಾಲೆಯ ಮೈದಾನದಲ್ಲಿ ಚೆಂಡನ್ನು ಎರಡು ಕೈಗಳಿಂದೆತ್ತಿ ಎಸೆಯುವ ಹುಡುಗನೂ ಆ ದಿನದ ನಿರ್ಣಯವನ್ನೇ ಪಾಲಿಸುತ್ತಿರುವನು.

ಕಟ್ಟಳೆ ಒಂದಾದ ಮೇಲೆ ಪಂದ್ಯಾವಳಿಗೆ ತಡವಾಗಲಿಲ್ಲ. ೧೮೮೪ನೆಯ ಜನವರಿ ೨೬ರಂದು ಬೆಲ್‌ಫಾಸ್ಟಿನಲ್ಲಿ ಸ್ಕಾಟರು ಐರಿಷರನ್ನು ೫ ಗೋಲುಗಳಿಂದ ಸೋಲಿಸಿದರು. ಫೆಬ್ರವರಿಯಲ್ಲಿ ವೇಲ್ಸಿನವರು ಐರಿಷರ ಮೇಲೆ ೬ ಗೋಲುಗಳನ್ನೂ ಇಂಗ್ಲಿಷರು ೮ ಗೋಲುಗಳನ್ನೂ ಹೊಡೆದರು. ಮಾರ್ಚ್ ೧೫ರಂದು ಗ್ಲಾಸ್ಗೋ ನಗರದ ಕ್ಯಾತ್‌ಕಿನ್ ಪಾರ್ಕಿನಲ್ಲಿ ಸ್ಕಾಟರು ಇಂಗ್ಲಿಷರನ್ನು ಒಂದೇ ಗೋಲಿನಿಂದ ಗೆದ್ದರು. ಎರಡು ದಿನಗಳ ತರುವಾಯ ಇಂಗ್ಲಿಷರು ವೇಲ್ಸಿನವರನ್ನು ೪ ಗೋಲುಗಳಿಂದ ಸೋಲಿಸಿದರು. ಅದೇ ತಿಂಗಳ ೨೯ರಂದು ಸ್ಕಾಟರು ವೇಲ್ಸನ್ನೂ ಗೆದ್ದು, ಆಡಿದ ಮೂರರಲ್ಲಿ ಮೂರನ್ನೂ ತಮ್ಮದಾಗಿಸಿಕೊಂಡರು. ಐರಿಷರಾದರೋ ಒಟ್ಟು ೧೯ ಗೋಲುಗಳನ್ನು ಕೊಟ್ಟು, ಒಂದನ್ನು ಮಾತ್ರ ಪಡೆದರು.

ಇಷ್ಟು ಸೋತವರನ್ನು ಸಾಟಿಯಲ್ಲವೆಂದು ಹೊರಗಿಡಬಹುದಾಗಿತ್ತು. ಹಾಗಾಗಲಿಲ್ಲವೆಂಬುದೇ ಈ ಚರಿತ್ರೆಯ ತಿರುಳು. ಕಟ್ಟಳೆಗಳನ್ನು ಕಾಯುವುದಕ್ಕಾಗಿ ೧೮೮೬ರಲ್ಲಿ ಏರ್ಪಟ್ಟ ಅಂತರರಾಷ್ಟ್ರೀಯ ಮಂಡಲಿಯಲ್ಲಿ ನಾಲ್ಕು ಸಂಘಗಳಿಗೂ ಸಮಾನವಾದ ಸ್ಥಾನ ದೊರೆಯಿತು. ಗೆದ್ದವರಿಗೆ ಹೆಚ್ಚಲ್ಲ, ಸೋತವರಿಗೆ ಕಡಮೆಯಲ್ಲ. ಇದರ ಫಲವೇನಾಯಿತು? ಐರ್ಲೆಂಡಿನ ಮಿಲ್‌ಫರ್ಡ್ ಎಂಬ ಹಳ್ಳಿಯ ಗೋಲು ಕಾಯುವವನಾದ ವಿಲಿಯಂ ಮೆಕ್ರಮ್ ಎಂಬಾತನು, ಗೋಲಿನ ಸಮೀಪದಲ್ಲಿ ಬೇಕೆಂದೇ ಎದುರಾಳಿಯನ್ನು ಕೆಡವುವವರಿಗೆ ತಕ್ಕ ಶಿಕ್ಷೆಯಿರಬೇಕೆಂದು ಒಂದು ಕಟ್ಟಳೆಯನ್ನು ಯೋಚಿಸಿದನು. ಐರಿಷ್ ಸಂಘವು ಅದನ್ನು ಮಂಡಲಿಯ ಮುಂದಿಟ್ಟಿತು. ಸಭ್ಯರಾದವರು ಬೇಕೆಂದು ತಪ್ಪು ಮಾಡುವುದುಂಟೆ ಎಂದು ಕೆಲವರು ಮೊದಲು ಸಿಡಿಮಿಡಿಗೊಂಡರೂ ೧೮೯೧ರಲ್ಲಿ ಅದು ಅಂಗೀಕೃತವಾಯಿತು. ಇಂದು ಜಗತ್ತೆಲ್ಲ ಉಸಿರು ಬಿಗಿಹಿಡಿದು ನೋಡುವ ಪೆನಾಲ್ಟಿ ಒದೆತವು ಹೀಗೆ ಹುಟ್ಟಿತು. ಹಾಗೆ, ಮೈದಾನದಲ್ಲಿ ಎಲ್ಲರಿಗಿಂತ ಹೆಚ್ಚು ಸೋತಿದ್ದ ನಾಡು ಆಟಕ್ಕೆ ಎಲ್ಲರಿಗಿಂತ ಹೆಸರಾದ ನ್ಯಾಯವೊಂದನ್ನು ನೀಡಿತು.

ಐರಿಷರು ವರ್ಷವರ್ಷವೂ ಬಂದು ಆಡಿದರು. ೧೯೧೩ರಲ್ಲಿ ಮೊತ್ತಮೊದಲಿಗೆ ಇಂಗ್ಲೆಂಡನ್ನು ಗೆದ್ದರು. ೧೯೧೪ರಲ್ಲಿ ಪಂದ್ಯಾವಳಿಯೇ ಅವರದಾಯಿತು. ಅನಂತರ ಐರ್ಲೆಂಡ್ ಎರಡು ಭಾಗವಾಗಿ, ಈ ಪಂದ್ಯಾವಳಿಯಲ್ಲಿ ಉತ್ತರ ಐರ್ಲೆಂಡ್ ಉಳಿಯಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಹಿಂದೆಗೆದದ್ದರಿಂದ ೧೯೮೪ರಲ್ಲಿ, ನೂರು ವರ್ಷಗಳ ಆಯುಸ್ಸು ತುಂಬಿ, ಪಂದ್ಯಾವಳಿಯು ನಿಂತುಹೋಯಿತು. ಆ ಕೊನೆಯ ವರ್ಷ ನಾಲ್ಕು ನಾಡುಗಳೂ ಅಂಕಗಳಲ್ಲಿ ಸರಿಸಮವಾಗಿ ನಿಂತುವು. ಗೋಲುಗಳ ಲೆಕ್ಕದಲ್ಲಿ ಮುಂದಾಗಿ ಬಟ್ಟಲನ್ನು ಗೆದ್ದದ್ದು ಉತ್ತರ ಐರ್ಲೆಂಡ್.

ನೆರೆಯವರಲ್ಲಿ ಬಲಾಬಲಗಳು ಕಾಲಕಾಲಕ್ಕೆ ಬದಲಾಗುತ್ತವೆ. ದುರ್ಬಲನಿಗೂ ಸಭೆಯಲ್ಲಿ ಸಮಾನವಾದ ಮಣೆಯನ್ನು ಹಾಕಿ, ಎಲ್ಲರೂ ಒಂದೇ ಕಟ್ಟಳೆಗೆ ಒಳಪಟ್ಟಲ್ಲಿ ಮಾತ್ರ ಪೈಪೋಟಿಯು ಹಗೆಯಾಗದೆ ಆಟವಾಗಿ ಉಳಿಯುವುದೆಂದು ನಾವು ನಂಬುತ್ತೇವೆ.